ಔಷಧ ಜೇಡಿಖನಿಜದ ಒಳಗಿದೆಯೋ, ಮೇಲಿದೆಯೋ? ನನ್ನ ಅನುಭವ

ಜೇಡಿಖನಿಜಗಳಿಗೆ ಔಷಧ ತುಂಬಿ, ಅದನ್ನು ನಿಧಾನವಾಗಿ ಹೊರಬಿಡಿಸುವ ಕೆಲಸದಲ್ಲಿ ನಾನು ತೊಡಗಿದಾಗ ಎಲ್ಲರೂ ಮೊದಲು ಕೇಳುತ್ತಿದ್ದುದು ಎಷ್ಟು ಶೇಕಡಾ ತುಂಬಿತು ಎಂದೇ. ಆ ಅಂಕಿಗಿಂತ ಔಷಧ ಖನಿಜದ ಯಾವ ಭಾಗದಲ್ಲಿ ಕುಳಿತಿದೆ ಎಂಬುದೇ ಮುಖ್ಯ ಎಂದು ಈಗ ನಾನು ದೃಢವಾಗಿ ನಂಬಿದ್ದೇನೆ. ಬಿಡುಗಡೆಯ ವೇಗವನ್ನು ನಿರ್ಧರಿಸುವುದು ಅದೇ.

ನಾನು ಬಳಸಿದ್ದು ಎರಡು ಖನಿಜಗಳನ್ನು. ಹ್ಯಾಲೊಯ್‌ಸೈಟ್‌ನ ಪದರಗಳು ಚಾಪೆಯಂತೆ ಸುರುಳಿ ಸುತ್ತಿಕೊಂಡು ನಾಳಗಳಾಗಿರುತ್ತವೆ. ನಾಳದ ಹೊರವ್ಯಾಸ ಸಾಮಾನ್ಯವಾಗಿ 50ರಿಂದ 70 ನ್ಯಾನೊಮೀಟರ್, ಒಳಟೊಳ್ಳಿನ ವ್ಯಾಸ 10ರಿಂದ 20 ನ್ಯಾನೊಮೀಟರ್, ಉದ್ದ ಸುಮಾರು ಒಂದು ಮೈಕ್ರೊಮೀಟರ್. ಹೊರಮೈ ಸಿಲಿಕಾದ್ದಾದ್ದರಿಂದ ಅದರ ವಿದ್ಯುದಾವೇಶ ಋಣ. ಒಳಮೈ ಅಲ್ಯೂಮಿನಾದ್ದಾದ್ದರಿಂದ ಸುಮಾರು 8ರವರೆಗಿನ ಪಿಎಚ್‌ನಲ್ಲಿ ಅದು ಧನ. ಮಾಂಟ್‌ಮೊರಿಲೊನೈಟ್ ಇದಕ್ಕಿಂತ ಬೇರೆ ಬಗೆಯದು. ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಋಣಾವೇಶದ ಹಾಳೆಗಳು ಅದರಲ್ಲಿ ಒಂದರ ಮೇಲೊಂದು ಕುಳಿತಿದ್ದು, ನಡುವಿನ ಸೋಡಿಯಂ ಅಯಾನುಗಳು ಜಾಗ ಬಿಟ್ಟುಕೊಡಲು ಸದಾ ಸಿದ್ಧವಾಗಿರುತ್ತವೆ. ಹೀಗಾಗಿ ನೀರಿನಲ್ಲಿ ಋಣ ಅಯಾನಾಗುವ ನೋವುನಿವಾರಕ ಡೈಕ್ಲೊಫೆನಾಕ್ ಸೋಡಿಯಂಗೆ ಹ್ಯಾಲೊಯ್‌ಸೈಟ್ ನಾಳವನ್ನೂ, ಧನ ಅಯಾನಾಗುವ ರಕ್ತದೊತ್ತಡದ ಔಷಧ ಪ್ರೊಪ್ರನೊಲೋಲ್‌ಗೆ ಮಾಂಟ್‌ಮೊರಿಲೊನೈಟ್ ಪದರಗಳನ್ನೂ ಆರಿಸಿಕೊಂಡೆ.

ಹ್ಯಾಲೊಯ್‌ಸೈಟ್‌ಗೆ ಔಷಧ ತುಂಬಿದ್ದು ನಿರ್ವಾತದ ವಿಧಾನದಲ್ಲಿ. ಡೈಕ್ಲೊಫೆನಾಕ್‌ನ ಗಾಢ ದ್ರಾವಣದಲ್ಲಿ ಒಣ ಖನಿಜದ ಪುಡಿಯನ್ನು ಚೆನ್ನಾಗಿ ಚದುರಿಸಿ, ನಿರ್ವಾತ ಪಾತ್ರೆಯಲ್ಲಿಟ್ಟು ಪಂಪ್ ಚಾಲೂ ಮಾಡಿದರೆ, ಸ್ವಲ್ಪ ಹೊತ್ತಿನಲ್ಲೇ ದ್ರವದ ಮೇಲ್ಭಾಗಕ್ಕೆ ಬಹಳ ಸಣ್ಣ ಗುಳ್ಳೆಗಳು ಏಳತೊಡಗುತ್ತವೆ. ಪುಡಿಯಲ್ಲಿ, ನಾಳಗಳ ಟೊಳ್ಳಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಹೊರಬರುತ್ತಿರುವ ಗುರುತು ಅದು. ಗುಳ್ಳೆ ನಿಂತ ಮೇಲೆ ನಿಧಾನವಾಗಿ ಗಾಳಿ ಬಿಟ್ಟಾಗ ಹೊರಗಿನ ಒತ್ತಡ ದ್ರಾವಣವನ್ನು ಖಾಲಿಯಾದ ಟೊಳ್ಳಿನೊಳಗೆ ತಳ್ಳುತ್ತದೆ. ಇದನ್ನು ಕೆಲವು ಬಾರಿ ಪುನರಾವರ್ತಿಸಿ, ಸೆಂಟ್ರಿಫ್ಯೂಜ್‌ನಲ್ಲಿ ಬೇರ್ಪಡಿಸಿ, ತೊಳೆದು ಒಣಗಿಸುತ್ತಿದ್ದೆ.

ನಿಜವಾದ ಜಾಣ್ಮೆ ಬೇಕಾಗುವುದು ತೊಳೆಯುವುದರಲ್ಲೇ. ಕಡಿಮೆ ತೊಳೆದರೆ ನಾಳಗಳ ಹೊರಮೈಯಲ್ಲಿ ಔಷಧದ ಹರಳುಗಳು ಉಳಿದು ತುಂಬಿಕೆಯ ಅಂಕಿ ಸುಳ್ಳಾಗಿ ಏರುತ್ತದೆ. ಹೆಚ್ಚು ತೊಳೆದರೆ ಟೊಳ್ಳಿನೊಳಗಿನ ಔಷಧವೂ ಹೊರಬಂದುಬಿಡುತ್ತದೆ. ಆದ್ದರಿಂದ ಪ್ರತಿ ತೊಳೆನೀರಿನ ಬೆಳಕಿನ ಹೀರಿಕೆಯನ್ನು (ನೀರಿನಲ್ಲಿರುವ ಔಷಧದ ಪ್ರಮಾಣವನ್ನು ಅದು ತಿಳಿಸುತ್ತದೆ) 276 ನ್ಯಾನೊಮೀಟರ್ ತರಂಗಾಂತರದಲ್ಲಿ ಅಳೆದು, ಅದು ಥಟ್ಟನೆ ಕುಸಿದು ಸಮತಟ್ಟಾಗತೊಡಗಿದ ಕೂಡಲೇ ನಿಲ್ಲಿಸುವ ಕ್ರಮ ಇಟ್ಟುಕೊಂಡೆ. ಒಣಗಿದ ಪುಡಿಯ ಎಕ್ಸ್-ರೇ ವಿವರ್ತನೆಯಲ್ಲಿ (ಎಕ್ಸ್-ರೇ ಹಾಯಿಸಿ ಒಳಗಿನ ಹರಳಿನ ರಚನೆಯನ್ನು ಗುರುತಿಸುವ ಪರೀಕ್ಷೆ) ಡೈಕ್ಲೊಫೆನಾಕ್ ಹರಳಿನ ಚೂಪಾದ ಶೃಂಗಗಳು ಕಾಣದಿದ್ದರೆ ಹೊರಗೆ ಹರಳು ಉಳಿದಿಲ್ಲವೆಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಅದೇ ಪ್ರಮಾಣದ ಔಷಧ ಮತ್ತು ಖನಿಜವನ್ನು ಸುಮ್ಮನೆ ಬೆರೆಸಿದ ಪುಡಿಯನ್ನೂ ಜೊತೆಗೆ ಅಳೆಯಲೇಬೇಕು. ಹೋಲಿಕೆಗೆ ಅದಿಲ್ಲದಿದ್ದರೆ, ಶೃಂಗ ಕಾಣದಿರುವುದಕ್ಕೆ ಔಷಧದ ಅಲ್ಪ ಪ್ರಮಾಣವೇ ಕಾರಣವಾಗಿರಬಹುದು.

ಇಲ್ಲಿ ಒಂದು ಸರಳ ಲೆಕ್ಕ ನನಗೆ ಬಹಳ ನೆರವಾಯಿತು. ಹೊರವ್ಯಾಸ 50, ಒಳವ್ಯಾಸ 15 ನ್ಯಾನೊಮೀಟರ್ ಆದರೆ ನಾಳದ ಒಟ್ಟು ಗಾತ್ರದಲ್ಲಿ ಟೊಳ್ಳಿನ ಪಾಲು ಶೇ. 9 ಮಾತ್ರ. ಖನಿಜದ ಸಾಂದ್ರತೆ ಘನ ಸೆಂಟಿಮೀಟರ್‌ಗೆ ಸುಮಾರು 2.5 ಗ್ರಾಂ, ಔಷಧದ್ದು 1.3ರ ಆಸುಪಾಸು ಎಂದಿಟ್ಟುಕೊಂಡರೆ, ಟೊಳ್ಳು ಪೂರ್ತಿ ಭರ್ತಿಯಾದರೂ ತೂಕದಲ್ಲಿ ಔಷಧದ ಪಾಲು ಶೇ. 5ರ ಸುತ್ತಲೇ ನಿಲ್ಲುತ್ತದೆ. ಒಳವ್ಯಾಸ 20 ಇದ್ದರೆ ಶೇ. 9ರ ಹತ್ತಿರ. ಇಂಥ ನಾಳದಲ್ಲಿ ಶೇ. 20 ಅಥವಾ 30 ತುಂಬಿದೆ ಎಂದು ಯಾರಾದರೂ ತೋರಿಸಿದರೆ, ಹೆಚ್ಚಿನ ಪಾಲು ಹೊರಗೇ ಅಂಟಿಕೊಂಡಿದೆ ಎಂದು ತಿಳಿಯಬೇಕು. ಸಲ್ಫ್ಯೂರಿಕ್ ಆಮ್ಲದಿಂದ ಒಳಗಿನ ಅಲ್ಯೂಮಿನಾವನ್ನು ಕರಗಿಸಿ ಟೊಳ್ಳನ್ನು ಹಿಗ್ಗಿಸುವ ದಾರಿಯೂ ಇದೆ. ಅತಿಯಾದರೆ ಔಷಧವನ್ನು ಸೆಳೆಯುವ ಆ ಧನಾವೇಶದ ಒಳಮೈಯೇ ಸವೆಯುವುದರಿಂದ ನಾನು ಅದನ್ನು ಮೆಚ್ಚುವುದಿಲ್ಲ.

ಬಿಡುಗಡೆಯನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7.4ರ ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ), ಔಷಧವನ್ನು ಹೊರಬಿಟ್ಟು ಖನಿಜವನ್ನು ಒಳಗೇ ಹಿಡಿದಿಡುವ ಡಯಾಲಿಸಿಸ್ ಚೀಲದೊಳಗೆ ನಡೆಸಿದೆ. ಚೀಲದ ಪೊರೆಯೇ ಔಷಧವನ್ನು ಸ್ವಲ್ಪ ತಡೆಯುವುದರಿಂದ, ಖನಿಜವಿಲ್ಲದ ಬರಿಯ ಔಷಧದ ದ್ರಾವಣವನ್ನೂ ಇನ್ನೊಂದು ಚೀಲದಲ್ಲಿಟ್ಟು ಅಳೆಯುತ್ತಿದ್ದೆ. ಎರಡು ವಕ್ರರೇಖೆಗಳ ನಡುವಿನ ಅಂತರವಷ್ಟೇ ಖನಿಜದ ಕೊಡುಗೆ. ಜಠರದ ಆಮ್ಲಕ್ಕೆ ಬದಲಾಗಿ ಬಳಸುವ ಪಿಎಚ್ 1.2ರ ದ್ರಾವಣದಲ್ಲಿ ಬಿಡುಗಡೆ ಬಹಳ ಕಡಿಮೆ ಕಂಡಿತು. ಅದರ ಶ್ರೇಯ ನಾಳಕ್ಕೆ ಸಲ್ಲುವುದಿಲ್ಲ: ಡೈಕ್ಲೊಫೆನಾಕ್‌ನ ಪಿಕೆಎ (ಅರ್ಧದಷ್ಟು ಔಷಧ ಅಯಾನು ರೂಪದಲ್ಲಿರುವ ಪಿಎಚ್) ಸುಮಾರು 4 ಆಗಿರುವುದರಿಂದ ಆಮ್ಲದಲ್ಲಿ ಅದು ತಾನಾಗಿಯೇ ಕರಗದ ರೂಪಕ್ಕೆ ತಿರುಗುತ್ತದೆ.

ಪ್ರೊಪ್ರನೊಲೋಲ್ ತುಂಬಲು ನಿರ್ವಾತ ಬೇಕಾಗಲಿಲ್ಲ. ನೀರಿನಲ್ಲಿ ಚದುರಿಸಿದ ಮಾಂಟ್‌ಮೊರಿಲೊನೈಟ್‌ಗೆ ಔಷಧದ ದ್ರಾವಣ ಸೇರಿಸಿ ಕಲಕಿದರೆ ಸೋಡಿಯಂ ಜಾಗಕ್ಕೆ ಔಷಧ ಬಂದು ಕೂರುತ್ತದೆ. ಸೋಡಿಯಂ ರೂಪದಲ್ಲಿ 7 ಡಿಗ್ರಿಯ ಆಸುಪಾಸಿನಲ್ಲಿದ್ದ ವಿವರ್ತನೆಯ ಶೃಂಗ ಇನ್ನೂ ಕಡಿಮೆ ಕೋನಕ್ಕೆ ಸರಿದದ್ದನ್ನು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಪದರಗಳ ಅಂತರ ಹಿಗ್ಗಿದೆ, ಔಷಧ ಒಳಗೇ ಇದೆ ಎಂಬುದಕ್ಕೆ ಅಷ್ಟು ನೇರವಾದ ಪುರಾವೆ ಹ್ಯಾಲೊಯ್‌ಸೈಟ್‌ನಲ್ಲಿ ಸಿಗುವುದಿಲ್ಲ.

ಆದರೆ ಬಿಗಿಯಾಗಿ ಹಿಡಿದದ್ದನ್ನು ಬಿಡಿಸುವುದೂ ಅಷ್ಟೇ ಕಷ್ಟ. ಬಟ್ಟಿ ಇಳಿಸಿದ ನೀರಿನಲ್ಲಿ ಈ ಔಷಧ ಹೊರಬರುವುದು ಅತ್ಯಲ್ಪ, ಏಕೆಂದರೆ ಅದರ ಜಾಗಕ್ಕೆ ಬರಬೇಕಾದ ಧನ ಅಯಾನು ನೀರಿನಲ್ಲಿ ಇರುವುದಿಲ್ಲ. ಉಪ್ಪಿರುವ ಬಫರ್‌ನಲ್ಲಿ ಬಿಡುಗಡೆ ಆರಂಭವಾಗುತ್ತದೆ, ಆದರೆ ಅಯಾನು ವಿನಿಮಯ ಸಮತೋಲನಕ್ಕೆ ಬಂದಾಗ ಒಂದು ಪಾಲು ಪದರಗಳಲ್ಲೇ ಉಳಿದುಬಿಡುತ್ತದೆ. ಹಾಗಾಗಿ ತುಂಬಿದ ಪ್ರಮಾಣವನ್ನೇ ರೋಗಿಗೆ ತಲುಪುವ ಪ್ರಮಾಣವೆಂದು ಎಣಿಸುವಂತಿಲ್ಲ. ಪ್ರಯೋಗ ಮುಗಿದ ಮೇಲೆ ಉಳಿದ ಖನಿಜವನ್ನು ಗಾಢ ಉಪ್ಪಿನ ದ್ರಾವಣದಲ್ಲಿ ಮತ್ತೆ ಕಲಕಿ, ಒಳಗುಳಿದ ಔಷಧವನ್ನು ಆದಷ್ಟೂ ಹೊರತೆಗೆದು ಅಳೆದು, ತುಂಬಿದ್ದಕ್ಕೂ ಬಂದದ್ದಕ್ಕೂ ಲೆಕ್ಕ ಹೊಂದುತ್ತದೆಯೇ ಎಂದು ನೋಡಿದ ಬಳಿಕವೇ ನಾನು ಬಿಡುಗಡೆಯ ಶೇಕಡಾವನ್ನು ದಾಖಲಿಸುತ್ತೇನೆ.