ಲಕ್ವಾ ಹೊಡೆದರೆ ಮೊದಲು ಲ್ಯಾಬ್‌ಗೆ ಬರಬೇಡಿ

ನಾನು ಕುಮಟಾದಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತ ಪರೀಕ್ಷೆಯೇ ನನ್ನ ಕೆಲಸ. ಆದರೂ ಕೇಳಿಕೊಳ್ಳುತ್ತೇನೆ: ಬಾಯಿ ಸೊಟ್ಟಗಾದವರನ್ನು, ಒಂದು ಕೈ ಎತ್ತಲಾಗದವರನ್ನು, ಮಾತು ತೊದಲುವವರನ್ನು "ಮೊದಲು ಶುಗರ್, ಕೊಲೆಸ್ಟ್ರಾಲ್ ನೋಡಿಸೋಣ" ಅಂತ ಲ್ಯಾಬ್‌ಗೆ ಕರೆತರಬೇಡಿ. 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಿ.

ಮಿದುಳಿನ ರಕ್ತನಾಳ ಕಟ್ಟಿದರೂ ಲಕ್ವಾ, ಒಡೆದರೂ ಲಕ್ವಾ. ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಚಿಕಿತ್ಸೆ ಮಾತ್ರ ಪೂರ್ತಿ ಉಲ್ಟಾ. ಜಿಎಫ್‌ಎಪಿ ಎಂಬ ಪ್ರೋಟೀನ್ ಮಿದುಳಲ್ಲಿ ರಕ್ತಸ್ರಾವ ಆದಾಗ ರಕ್ತದಲ್ಲಿ ಬೇಗ ಏರುತ್ತದೆ ಎಂದು ಸಂಶೋಧನೆ ನಡೆದಿದೆ ನಿಜ. ಆದರೆ ಅದಿನ್ನೂ ಸಿಟಿಯ ಜಾಗಕ್ಕೆ ಬಂದಿಲ್ಲ. ಸ್ಕ್ಯಾನ್ ಆಗುವ ತನಕ ಆಸ್ಪಿರಿನ್ ಕೊಡಬೇಡಿ. ನೀರು, ಗಂಜಿ ಏನೂ ಬೇಡ, ಶ್ವಾಸಕೋಶಕ್ಕೆ ಇಳಿಯಬಹುದು.

ಹೊರಡುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಅವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ? ರಾತ್ರಿ 10ಕ್ಕೆ ಚೆನ್ನಾಗಿ ಮಲಗಿ ಬೆಳಿಗ್ಗೆ ಏಳಲಾಗದಿದ್ದರೆ, ಲೆಕ್ಕ ಶುರುವಾಗುವುದು ರಾತ್ರಿ 10ರಿಂದ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಸ್ಟ್ರಿಪ್ ಜೊತೆಗಿರಲಿ. ದಾರಿಯಿಂದಲೇ ಫೋನ್ ಮಾಡಿ, "ಸಿಟಿ ಈಗ ನಡೆಯುತ್ತಿದೆಯಾ? ಇಂಜೆಕ್ಷನ್ ಇದೆಯಾ?" ಅಂತ ಕೇಳಿ. ಮಳೆಗಾಲದಲ್ಲಿ ಕುಮಟಾ-ಶಿರಸಿ ದಾರಿಯ ದೇವಿಮನೆ ಘಾಟಿ ಬಂದ್ ಆಗಿರಬಹುದು, ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ತಪ್ಪು ಬಾಗಿಲು ತಟ್ಟುವಷ್ಟು ಸಮಯ ನಮ್ಮ ಜಿಲ್ಲೆಯವರಿಗೆ ಇಲ್ಲ.

ಇಂಜೆಕ್ಷನ್‌ಗೆ ಮುಂಚೆ ಎಲ್ಲರಿಗೂ ನೋಡಲೇಬೇಕಾದ ರಕ್ತ ಪರೀಕ್ಷೆ ಶುಗರ್ ಒಂದೇ. ಶುಗರ್ ತೀರಾ ಇಳಿದರೂ ಲಕ್ವಾದಂತೆಯೇ ಕಾಣುತ್ತದೆ, ಅದಕ್ಕೆ. ಆಸ್ಪತ್ರೆಯಲ್ಲೇ ಬೆರಳ ತುದಿಯ ಒಂದು ಹನಿ ಸಾಕು. ವಾರ್ಫರಿನ್‌ನಂಥ ಮಾತ್ರೆ ತಗೊಳ್ಳುವವರಿಗೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್‌ಆರ್ ಪರೀಕ್ಷೆ ಕೂಡ ಬೇಕು.

"ಸಿಟಿ ನಾರ್ಮಲ್" ಅಂದರೆ ಮನೆಗೆ ಹೊರಡಬೇಡಿ. ನಾಳ ಕಟ್ಟಿದ ಮೊದಲ ಗಂಟೆಗಳಲ್ಲಿ ಸಿಟಿ ಹಾಗೇ ಕಾಣಬಹುದು. ರಕ್ತಸ್ರಾವ ಇಲ್ಲ ಎಂಬುದಷ್ಟೇ ಅದರ ಅರ್ಥ. ಎಂಆರ್‌ಐನ ಡಿಫ್ಯೂಷನ್ ಚಿತ್ರದಲ್ಲಿ ಪೆಟ್ಟು ಬಿದ್ದ ಜಾಗ ಬಹಳ ಬೇಗ ಬೆಳ್ಳಗೆ ಕಾಣುತ್ತದೆ. ದೊಡ್ಡ ನಾಳ ಕಟ್ಟಿದೆಯಾ ಎಂದು ತಿಳಿಯಲು ಸಿಟಿ ಆಂಜಿಯೋಗ್ರಾಂ, ಅಂದರೆ ರಕ್ತನಾಳ ತೋರಿಸುವ ಸ್ಕ್ಯಾನ್, ಬೇಕು. ಕಟ್ಟಿದ್ದರೆ, ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯವರೆಗೂ ನಾಳದೊಳಗೆ ತಂತಿ ಹಾಕಿ ಹೆಪ್ಪು ತೆಗೆಯುತ್ತಾರೆ. ಅದಕ್ಕೆ ದೊಡ್ಡ ಊರಿಗೆ ಕಳಿಸುವುದಿದ್ದರೆ ತಕ್ಷಣ ಕಳಿಸಿ ಅಂತ ಒತ್ತಾಯ ಮಾಡಿ.

ಆಮೇಲಿನ ಮೂರು ದಿನ ರಕ್ತದ ರಿಪೋರ್ಟ್ ಕೆಲಸಕ್ಕೆ ಬರುತ್ತದೆ. ಶುಗರ್ ಜಾಸ್ತಿ ಇದ್ದರೆ ಪೆಟ್ಟು ಹೆಚ್ಚಾಗುವ ಭಯ. ಸಿಆರ್‌ಪಿ (ಉರಿಯೂತ ತೋರಿಸುವ ಪ್ರೋಟೀನ್), ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಏರಿದವರಲ್ಲಿ ಚೇತರಿಕೆ ಕಷ್ಟ ಎಂದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಎದೆಯ ಸೋಂಕಿಗೂ ಮೂತ್ರದ ಸೋಂಕಿಗೂ ಅವು ಏರುತ್ತವೆ. ಆ ಒಂದು ಅಂಕಿ ನೋಡಿ ಎದೆಗುಂದಬೇಡಿ. "ಸೋಂಕು ಇದೆಯಾ?" ಅಂತ ಡಾಕ್ಟರನ್ನು ಕೇಳಿ.

ಅಂಕಿಗಿಂತ ರೋಗಿಯ ಮುಖ ನೋಡಿ. ಮಿದುಳಿನ ಬಾವು ಸಾಮಾನ್ಯವಾಗಿ 2ರಿಂದ 5ನೇ ದಿನದೊಳಗೆ ಹೆಚ್ಚುತ್ತದೆ. ಹೊಸದಾಗಿ ತಲೆನೋವು, ವಾಂತಿ, ಎಬ್ಬಿಸಿದರೂ ಏಳದಷ್ಟು ಮಂಪರು, ನಿನ್ನೆ ಎತ್ತಿದ ಕೈ ಇವತ್ತು ಎತ್ತದಿರುವುದು, ಇದರಲ್ಲಿ ಯಾವುದು ಕಂಡರೂ ರೌಂಡ್ಸ್‌ಗೆ ಕಾಯಬೇಡಿ. ಆ ಕ್ಷಣವೇ ನರ್ಸ್‌ಗೆ ಹೇಳಿ, ಮತ್ತೆ ಸಿಟಿ ಬೇಕಾ ಅಂತ ಕೇಳಿ.