ದತ್ತು ನಾಯಿ: ತಳಿ ಕೇಳುವ ಮೊದಲು ಮನೆಯ ದಿನಚರಿ ಬರೆದುಕೊಳ್ಳಿ

ಬೆಂಗಳೂರಿನ ಹೊರವಲಯದ ಪ್ರಾಣಿ ಆಶ್ರಯಧಾಮವೊಂದರಲ್ಲಿ ಭಾನುವಾರಗಳಂದು ಕೈಜೋಡಿಸುತ್ತಿದ್ದ ದಿನಗಳಲ್ಲಿ, ಗೇಟು ದಾಟಿ ಬಂದವರ ಬಾಯಲ್ಲಿ ನಾನು ಹೆಚ್ಚಾಗಿ ಕೇಳಿದ ಪ್ರಶ್ನೆ ‘ಲ್ಯಾಬ್ರಡಾರ್ ಇದೆಯೇ?’ ಎಂಬುದು. ಇರುತ್ತಿತ್ತು. ಹಸ್ಕಿ, ಪಗ್, ಜರ್ಮನ್ ಶೆಫರ್ಡ್‌ಗಳೂ ಇರುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಯಾರೋ ಆಸೆಪಟ್ಟು, ಕೇಳಿದಷ್ಟು ದುಡ್ಡು ಕೊಟ್ಟು ತಂದ ಮರಿಗಳೇ. ಮನೆ ಬದಲಾಯಿತು, ಮಗು ಹುಟ್ಟಿತು, ಕೂದಲು ಉದುರುತ್ತದೆ, ಇಷ್ಟು ದೊಡ್ಡದಾಗುತ್ತದೆಂದು ಗೊತ್ತಿರಲಿಲ್ಲ ಎಂದು ಬಿಟ್ಟುಹೋದವರು ಹೇಳಿದ ಕಾರಣಗಳು ಅಲ್ಲಿನ ರಿಜಿಸ್ಟರಿನಲ್ಲಿ ಸಾಲಾಗಿ ದಾಖಲಾಗಿದ್ದವು. ನಾಯಿಯನ್ನು ದತ್ತು ಪಡೆಯಲು ಹೊರಟವರು ಅಂಥ ಒಂದು ಪುಟವನ್ನು ಓದಿದರೂ ಸಾಕು, ತಳಿಯ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ ಎಂಬುದು ನನ್ನ ಅನಿಸಿಕೆ.

ಮೊದಲು ಮನೆಯ ಲೆಕ್ಕ

ಒಂದು ಹಾಳೆಯಲ್ಲಿ ಮನೆಯವರ ಒಂದು ವಾರದ ದಿನಚರಿಯನ್ನು ಪ್ರಾಮಾಣಿಕವಾಗಿ ಬರೆಯಿರಿ. ಬೆಳಗ್ಗೆ ಆರಕ್ಕೆ ಮಳೆಯಿದ್ದರೂ ನಾಯಿಯನ್ನು ಹೊರಗೆ ಕರೆದೊಯ್ಯುವವರು ಯಾರು, ಮನೆಗೆ ಬೀಗ ಬಿದ್ದಿರುವುದು ಎಷ್ಟು ಗಂಟೆ, ಹಬ್ಬಕ್ಕೋ ಮದುವೆಗೋ ಊರಿಗೆ ಹೋದಾಗ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಹೆಸರು ಹಿಡಿದು ಉತ್ತರ ಬರೆಯಲಾಗದಿದ್ದರೆ ಸದ್ಯಕ್ಕೆ ನಿಲ್ಲಿಸುವುದೇ ಒಳ್ಳೆಯದು. ನಾಯಿ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ಬದುಕುತ್ತದೆ. ಇಂದು ಹಟ ಹಿಡಿದಿರುವ ಆರನೇ ತರಗತಿಯ ಮಗ ಅಷ್ಟರೊಳಗೆ ಕೆಲಸ ಹಿಡಿದು ಬೇರೆ ಊರಿನಲ್ಲಿರುತ್ತಾನೆ.

ಬಾಡಿಗೆ ಮನೆಯವರು ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಅಪಾರ್ಟ್‌ಮೆಂಟಿನ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸದಂತೆ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಆದರೂ ಬಾಡಿಗೆ ಕರಾರು ಮುಗಿಯುವ ಹೊತ್ತಿಗೆ ಮಾರ್ಗಸೂಚಿಯನ್ನು ಹಿಡಿದು ಮಾಲೀಕರೊಡನೆ ವಾದಕ್ಕೆ ನಿಲ್ಲುವ ಪರಿಸ್ಥಿತಿ ಯಾರಿಗೂ ಬೇಡ.

ಮರಿಯೇ ಬೇಕೇ?

ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಎರಡು ತಿಂಗಳ ಮರಿ ತರುವುದು ನನ್ನ ಮಟ್ಟಿಗೆ ತಪ್ಪು. ಅದಕ್ಕೆ ದಿನಕ್ಕೆ ಮೂರು ನಾಲ್ಕು ಬಾರಿ ಊಟ ಬೇಕು, ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕರೆದೊಯ್ಯಬೇಕು, ಹಲ್ಲು ಬರುವಾಗ ಅದು ಸೋಫಾದ ಕಾಲನ್ನೂ ಚಾರ್ಜರಿನ ವೈರನ್ನೂ ಬಿಡುವುದಿಲ್ಲ. ಎರಡು ಮೂರು ವರ್ಷ ದಾಟಿದ ನಾಯಿಯ ಅನುಕೂಲವೆಂದರೆ, ಅದು ಎಷ್ಟು ಬೆಳೆಯುತ್ತದೆ, ಮಕ್ಕಳನ್ನು ಕಂಡರೆ ಏನು ಮಾಡುತ್ತದೆ, ಒಂಟಿಯಾಗಿ ಇರಬಲ್ಲುದೇ ಎಂಬುದೆಲ್ಲ ಆಶ್ರಯಧಾಮದವರಿಗೆ ಆಗಲೇ ತಿಳಿದಿರುತ್ತದೆ. ‘ದೊಡ್ಡ ನಾಯಿ ಹೊಸಬರಿಗೆ ಹೊಂದಿಕೊಳ್ಳುವುದಿಲ್ಲ’ ಎಂಬ ನಂಬಿಕೆಗೆ ಆಧಾರವಿಲ್ಲ.

ತಳಿಯ ವಿಚಾರ

ಒಂದೊಂದು ತಳಿಯನ್ನೂ ಮನುಷ್ಯರು ಒಂದೊಂದು ಕೆಲಸಕ್ಕೆಂದೇ ಬೆಳೆಸಿದರು. ಆ ಕೆಲಸ ಇಂದಿಗೂ ನಾಯಿಯ ಮೈಯಲ್ಲಿ ಉಳಿದಿದೆ. ಸೈಬೀರಿಯನ್ ಹಸ್ಕಿ ಹಿಮದ ಮೇಲೆ ಬಂಡಿ ಎಳೆಯುತ್ತಿದ್ದ ನಾಯಿ. ಎರಡು ಪದರಗಳ ಅದರ ತುಪ್ಪಳಕ್ಕೆ ಬೆಂಗಳೂರಿನ ಏಪ್ರಿಲ್ ತಿಂಗಳೇ ಕಷ್ಟವಾಗಿರುವಾಗ ಕಲಬುರಗಿ, ರಾಯಚೂರಿನ ಬಿಸಿಲಿನ ಮಾತೇ ಬೇಡ. ಪಗ್‌ನ ಮೂತಿ ಚಪ್ಪಟೆಯಾಗಿ ಉಸಿರಿನ ದಾರಿ ಇಕ್ಕಟ್ಟಾಗಿರುವುದರಿಂದ ಏದುಸಿರಿನ ಮೂಲಕ ಮೈಯನ್ನು ಸಾಕಷ್ಟು ತಂಪು ಮಾಡಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಅದರ ಗೊರಕೆಯನ್ನು ಮುದ್ದು ಎಂದುಕೊಳ್ಳುವವರು ಇದನ್ನು ಮರೆಯುತ್ತಾರೆ. ಬೀಗಲ್ ವಾಸನೆ ಹಿಡಿದು ಬೇಟೆಯಾಡುವ ನಾಯಿಯಾದ್ದರಿಂದ ಅದರ ಊಳು ಮೂರು ಮಹಡಿ ದಾಟಿ ಕೇಳಿಸುತ್ತದೆ. ಲ್ಯಾಬ್ರಡಾರ್ ಸೌಮ್ಯವೇನೋ ಹೌದು, ಆದರೆ ಓಡಾಟವಿಲ್ಲದೆ ಹಾಕಿದ್ದನ್ನೆಲ್ಲ ತಿಂದು ದಪ್ಪಗಾಗಿ ಸೊಂಟದ ಕೀಲಿನ ತೊಂದರೆಗೆ ಸಿಕ್ಕಿಬೀಳುವುದು ಅದರ ಹಣೆಬರಹವೆಂಬಂತಾಗಿದೆ. ವಯಸ್ಸಾದವರಷ್ಟೇ ಇರುವ ಮನೆಗೆ ಮೂವತ್ತು ಕಿಲೋ ತೂಗುವ, ಹಗ್ಗ ಜಗ್ಗುವ ನಾಯಿ ಯಾವ ತಳಿಯದಾದರೂ ತಕ್ಕುದಲ್ಲ.

ನಮ್ಮದೇ ಮುಧೋಳ ನಾಯಿಯ ಬಗ್ಗೆ ಈಗ ಒಲವು ಹೆಚ್ಚಿದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಗಿಡ್ಡ ಕೂದಲಿನ, ಬಿಸಿಲು ತಡೆಯುವ, ರೋಗ ಕಡಿಮೆಯ ಈ ನಾಯಿ ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿಸಿಕೊಂಡು ಓಡಲೆಂದೇ ಹುಟ್ಟಿದ್ದು. ತೋಟವೋ ಬೇಲಿ ಹಾಕಿದ ಬಯಲೋ ಇದ್ದವರಿಗೆ ಅದು ಸರಿ. ಎರಡು ಕೋಣೆಯ ಫ್ಲಾಟಿಗೆ, ಅಥವಾ ಬೆಕ್ಕು, ಕೋಳಿ ಇರುವ ಮನೆಗೆ ತರುವ ಮೊದಲು ಎರಡು ಸಲ ಯೋಚಿಸಬೇಕು. ಅದರ ಪಕ್ಕೆಲುಬು ಕಾಣುವುದು ಸಹಜವೇ, ಹೊಟ್ಟೆಗಿಲ್ಲದೆ ಸೊರಗಿದ್ದಲ್ಲ.

ಇನ್ನುಳಿದದ್ದು ಆಶ್ರಯಧಾಮಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕಂತ್ರಿ ನಾಯಿ. ಇಂಗ್ಲಿಷಿನ ‘ಕಂಟ್ರಿ’ ನಮ್ಮ ನಾಲಿಗೆಯಲ್ಲಿ ‘ಕಂತ್ರಿ’ಯಾಗಿ, ಕೊನೆಗೆ ಬೈಗುಳವೂ ಆಗಿಬಿಟ್ಟದ್ದು ಆ ನಾಯಿಯ ತಪ್ಪಲ್ಲ. ಈ ನೆಲದ ಹವೆಗೆ ಒಗ್ಗಿದ ಮೈ, ಮಧ್ಯಮ ಗಾತ್ರ, ಸುಲಭವಾಗಿ ಆರೈಕೆ ಮಾಡಬಹುದಾದ ತುಪ್ಪಳ ಇವುಗಳನ್ನು ನೋಡಿದರೆ ನಮ್ಮಲ್ಲಿನ ಬಹುಪಾಲು ಮನೆಗಳಿಗೆ ನಾನು ಹೇಳುವ ಮೊದಲ ಹೆಸರು ಇದೇ.

ಭೇಟಿ ಮತ್ತು ಕಾಗದಪತ್ರ

ಒಂದೇ ಭೇಟಿಯಲ್ಲಿ ತೀರ್ಮಾನಿಸಬೇಡಿ. ಮನೆಯವರೆಲ್ಲರೂ ಹೋಗಿ, ನೆಲದ ಮೇಲೆ ಸ್ವಲ್ಪ ಓರೆಯಾಗಿ ಕುಳಿತು, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ನಾಯಿ ತಾನಾಗಿ ಮೂಸಲು ಬರುವವರೆಗೆ ಕಾಯಿರಿ. ಮೂಲೆಯಲ್ಲಿ ನಡುಗುವ ನಾಯಿಯ ಮೇಲೆ ಕನಿಕರ ಹುಟ್ಟುವುದು ಸಹಜ, ಆದರೆ ಮೊದಲ ಸಲ ನಾಯಿ ಸಾಕುವವರಿಗೆ ಅದು ಕಠಿಣ ಆಯ್ಕೆ. ಬೇರೆ ನಾಯಿಗಳೊಂದಿಗೆ ಹೇಗಿರುತ್ತದೆ, ತಟ್ಟೆಯ ಬಳಿ ಹೋದರೆ ಗುರ್ ಎನ್ನುತ್ತದೆಯೇ, ಹಿಂದೆ ಯಾರಿಗಾದರೂ ಕೊಟ್ಟು ವಾಪಸ್ ಬಂದಿತ್ತೇ ಎಂದು ನೇರವಾಗಿ ಕೇಳಿ. ಒಳ್ಳೆಯ ಸಂಸ್ಥೆ ತಾನೂ ನಿಮ್ಮನ್ನು ಅಷ್ಟೇ ಪ್ರಶ್ನೆ ಕೇಳುತ್ತದೆ, ಮನೆ ನೋಡಲು ಬರುತ್ತದೆ, ಸಂತಾನಹರಣ ಚಿಕಿತ್ಸೆಯ ಷರತ್ತಿರುವ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತದೆ. ಇದನ್ನು ಅವಮಾನವೆಂದು ತಿಳಿಯಬಾರದು.

ಲಸಿಕೆಯ ಪುಸ್ತಕವನ್ನು ಕೇಳಿ ಪಡೆಯಿರಿ. ಪಾರ್ವೊ, ಡಿಸ್ಟೆಂಪರ್ ರೋಗಗಳ ಲಸಿಕೆ ಮರಿಗೆ ಆರರಿಂದ ಎಂಟನೇ ವಾರದಲ್ಲಿ ಆರಂಭವಾಗಿ ಮೂರು ನಾಲ್ಕು ವಾರಗಳ ಅಂತರದಲ್ಲಿ ಮುಂದುವರಿಯುತ್ತದೆ. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳಿಗೆ ಕೊಡುತ್ತಾರೆ. ದಾಖಲೆಯಿಲ್ಲದ ದೊಡ್ಡ ನಾಯಿಗೆ ಲಸಿಕೆಯೇ ಆಗಿಲ್ಲವೆಂದು ಭಾವಿಸಿ ಪಶುವೈದ್ಯರ ಬಳಿ ಮೊದಲಿನಿಂದ ಆರಂಭಿಸಬೇಕು. ಉಣ್ಣಿಯಿಂದ ಬರುವ ಜ್ವರ ಮೇಲ್ನೋಟಕ್ಕೆ ಗೊತ್ತಾಗದ ಕಾರಣ ಅದೇ ಭೇಟಿಯಲ್ಲಿ ರಕ್ತಪರೀಕ್ಷೆಯನ್ನೂ ಮಾಡಿಸುವುದು ಲೇಸು. ನಾಯಿ ಸಾಕಲು ಪಾಲಿಕೆ ಕೊಡುವ ಪರವಾನಗಿಗೂ ಲಸಿಕೆಯ ದಾಖಲೆ ಬೇಕಾಗುತ್ತದೆ.

ಮೊದಲ ಕೆಲವು ದಿನಗಳು

ನೆಂಟರಿಗೆ ತೋರಿಸುವುದು, ಸ್ನಾನ ಮಾಡಿಸುವುದು, ಎತ್ತಿಕೊಂಡು ಫೋಟೊ ತೆಗೆಯುವುದು ಯಾವುದೂ ಬೇಡ. ಒಂದು ಮೂಲೆಯಲ್ಲಿ ಹಳೆಯ ಕಂಬಳಿ, ನೀರು, ಆಶ್ರಯಧಾಮದಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಇಟ್ಟು ಸುಮ್ಮನಿರಿ; ಆಹಾರ ಬದಲಿಸುವುದಿದ್ದರೆ ಒಂದು ವಾರದ ಅವಧಿಯಲ್ಲಿ ಸ್ವಲ್ಪಸ್ವಲ್ಪವೇ ಬದಲಿಸಿ. ನಮ್ಮ ಮನೆಗೆ ಬಂದ ಮೂರು ವರ್ಷದ ಕಂತ್ರಿ ನಾಯಿ ಎರಡು ದಿನ ಸ್ಕೂಟರಿನ ಅಡಿಯಿಂದ ಹೊರಗೆ ಬರಲಿಲ್ಲ. ಕುಕ್ಕರ್ ಕೂಗಿದರೆ ಇನ್ನಷ್ಟು ಒಳಕ್ಕೆ ಸರಿಯುತ್ತಿತ್ತು, ದೀಪ ಆರಿಸಿದ ಮೇಲಷ್ಟೇ ತಟ್ಟೆ ಖಾಲಿಯಾಗುತ್ತಿತ್ತು. ನಾಲ್ಕನೆಯ ಬೆಳಗ್ಗೆ ನೋಡಿದರೆ ಹೊಸಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿತ್ತು. ಕೆಲವು ನಾಯಿಗಳಿಗೆ ಇದಕ್ಕೆ ಮೂರು ವಾರ ಹಿಡಿಯಬಹುದು, ಮನೆ ತನ್ನದೆನಿಸಲು ಮೂರು ತಿಂಗಳೇ ಬೇಕಾಗಬಹುದು.

ಮೊಸರನ್ನವೊಂದನ್ನೇ ಹಾಕಿ ಸಾಕುವುದು ನಮ್ಮಲ್ಲಿ ರೂಢಿಯಲ್ಲಿದ್ದರೂ ನಾಯಿಗೆ ಪ್ರೋಟೀನ್ ಬೇಕು. ಮೊಟ್ಟೆ, ಮಾಂಸ ಒಗ್ಗದ ಮನೆಯವರು ಪಶುವೈದ್ಯರನ್ನು ಕೇಳಿ ಬದಲಿ ಆಹಾರ ಗೊತ್ತುಮಾಡಿಕೊಳ್ಳಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಅದಕ್ಕೆ ವಿಷ.

ದೀಪಾವಳಿಗೆ ಎರಡು ಮೂರು ವಾರವಿರುವಾಗ ದತ್ತು ಪಡೆಯುವುದನ್ನು ಮುಂದೂಡಿ. ಮನೆಯ ದಾರಿ ಇನ್ನೂ ತಿಳಿಯದ ನಾಯಿ ಪಟಾಕಿಯ ಸದ್ದಿಗೆ ಬೆದರಿ ಓಡಿದರೆ ಮರಳಿ ಬರಲಾರದು. ಯಾವಾಗಲೇ ತಂದರೂ ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ಸಂಖ್ಯೆ ಮೊದಲ ದಿನದಿಂದಲೇ ಇರಲಿ. ಎಷ್ಟು ಪ್ರಯತ್ನಿಸಿದರೂ ಹೊಂದಾಣಿಕೆಯಾಗದಿದ್ದರೆ, ಕರಾರಿನಲ್ಲಿ ಬರೆದಿರುವಂತೆ ಅದೇ ಸಂಸ್ಥೆಗೆ ಫೋನ್ ಮಾಡಿ ನಾಯಿಯನ್ನು ಒಪ್ಪಿಸಿ. ಪರಿಚಯದವರ ಕೈಗೆ ದಾಟಿಸಬೇಡಿ, ರಸ್ತೆಯಲ್ಲಂತೂ ಬಿಡಬೇಡಿ.