ಬಂಪ್ ಸ್ಟಿಯರ್ ಮೊದಲು, ಟೋ ಕೊನೆಗೆ

ಮನೆಯಲ್ಲೇ ಕಟ್ಟಿದ ಸ್ಪೋರ್ಟ್ಸ್ ಕಾರು ದೇವಿಮನೆ ಘಟ್ಟದ ಹೊಂಡಗಳಲ್ಲಿ ತಾನಾಗಿಯೇ ಪಕ್ಕಕ್ಕೆ ಎಳೆಯುತ್ತಿದ್ದರೆ ಅಲೈನ್‌ಮೆಂಟ್‌ಗೆ ಓಡಬೇಡಿ. ಇದು ಬಂಪ್ ಸ್ಟಿಯರ್ ಇರಬಹುದು, ಅಂದರೆ ಚಕ್ರ ಮೇಲೆ ಕೆಳಗೆ ಆಡುವಾಗ ತಾನಾಗಿಯೇ ತಿರುಗುವ ದೋಷ. ಸ್ಪ್ರಿಂಗ್ ತೆಗೆದು, ಸ್ಟಿಯರಿಂಗ್ ನೆಟ್ಟಗೆ ಕಟ್ಟಿ, ಜಾಕ್‌ನಿಂದ ಚಕ್ರವನ್ನು 50 ಮಿ.ಮೀ. ಮೇಲೆ, 50 ಮಿ.ಮೀ. ಕೆಳಗೆ ಸರಿಸುತ್ತ ಪ್ರತಿ 10 ಮಿ.ಮೀ.ಗೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಅಳೆಯಿರಿ. ಮೇಲೇರುವಾಗ ಒಂದು ಕಡೆ, ಇಳಿಯುವಾಗ ಇನ್ನೊಂದು ಕಡೆ ತಿರುಗಿದರೆ ಚಕ್ರಗಳನ್ನು ತಿರುಗಿಸುವ ಅಡ್ಡ ಸರಳಾದ ಸ್ಟಿಯರಿಂಗ್ ರ‍್ಯಾಕಿನ ಎತ್ತರ ತಪ್ಪಿದೆ. ಶಿಮ್ (ಎತ್ತರ ಹೊಂದಿಸುವ ತೆಳು ತಗಡು) ಹಾಕಿ ಮತ್ತೆ ಅಳೆಯಿರಿ. ಎರಡೂ ಸಲ ಒಂದೇ ಕಡೆಗೆ ತಿರುಗಿದರೆ ರ‍್ಯಾಕಿನ ಉದ್ದವೇ ಚಕ್ರವನ್ನು ಹಿಡಿದಿರುವ ತೋಳಾದ ವಿಶ್‌ಬೋನ್‌ಗೆ ಹೊಂದಿಲ್ಲ, ಶಿಮ್‌ನಿಂದ ಅದು ಸರಿಹೋಗದು.

ಆಮೇಲೆ ಸೀಟಿನಲ್ಲಿ ಚಾಲಕನಷ್ಟು ಭಾರವಿಟ್ಟು ಕ್ಯಾಸ್ಟರ್ (ಪಕ್ಕದಿಂದ ಕಾಣುವ ಸ್ಟಿಯರಿಂಗ್ ಅಕ್ಷದ ಓರೆ), ಕ್ಯಾಂಬರ್ (ಮುಂದಿನಿಂದ ಕಾಣುವ ಚಕ್ರದ ಓರೆ) ಹೊಂದಿಸಿ. ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ, ಹಾಗಾಗಿ ಟೋ ಕೊನೆಗೇ. ರಸ್ತೆಗೆ ಒಟ್ಟು 1–2 ಮಿ.ಮೀ. ಟೋ-ಇನ್ (ಚಕ್ರಗಳ ಮುಂಭಾಗ ಒಳಮುಖ) ಸಾಕು. ಕಾರವಾರದ ಉಪ್ಪುಗಾಳಿಗೆ ರ‍್ಯಾಕನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಥ್ರೆಡ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಗ್ರೀಸ್ ಹಚ್ಚದೆ ಲಾಕ್ ನಟ್ ಬಿಗಿಯಲೇಬೇಡಿ.